‘ಉಳಿಸಿ’ ಪಕ್ಕದಲ್ಲೇ ‘ಅಳಿಸಿ’

ಆ್ಯಪ್‌ಗಳ ಪರದೆಗಳನ್ನು ರೂಪಿಸುವುದು ನನ್ನ ಕೆಲಸ. ನಾವು ಮಾಡಿಕೊಟ್ಟ ಒಂದು ನೋಂದಣಿ ಫಾರಂ ಅನ್ನು ಜನ ಅರ್ಧಕ್ಕೇ ಬಿಟ್ಟುಹೋಗುತ್ತಿದ್ದರು. ಉದ್ದವಾಯಿತೇನೋ ಎಂದು ಎರಡು ಪ್ರಶ್ನೆಗಳನ್ನು ಕಿತ್ತುಹಾಕಿದೆವು. ಏನೂ ಬದಲಾಗಲಿಲ್ಲ. ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಹೊರಟೆ: ಬಳಸುವವರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತೆ.

ಮೊದಲು ಸಿಕ್ಕವರು ನಡುವಯಸ್ಸಿನ ಮಹಿಳೆ. ಫೋನ್ ಸಂಖ್ಯೆಯನ್ನು ಬೇರೆಡೆಯಿಂದ ನಕಲಿಸಿ ತಂದು ಅಂಟಿಸಿದರು. ಅಂಕಿಗಳ ನಡುವೆ ಒಂದು ಖಾಲಿ ಜಾಗ ಉಳಿದಿತ್ತು. ‘ಮುಂದೆ’ ಒತ್ತಿದರು. ಪುಟ ಜಗ್ಗಲಿಲ್ಲ. ‘ಅಮಾನ್ಯ ಸಂಖ್ಯೆ’ ಎಂಬ ಕೆಂಪು ಸಾಲು ಪುಟದ ನೆತ್ತಿಯಲ್ಲಿ ಮೂಡಿತ್ತು. ಅವರ ಕಣ್ಣಿದ್ದದ್ದು ಬುಡದಲ್ಲಿದ್ದ ಬಟನ್ ಮೇಲೆ. ಇನ್ನೆರಡು ಬಾರಿ ಒತ್ತಿ, “ನನಗೆ ಇವೆಲ್ಲ ಸರಿಯಾಗಿ ಬರುವುದಿಲ್ಲ, ನನ್ನದೇ ಏನೋ ತಪ್ಪಾಗಿರಬೇಕು” ಎಂದು ಫೋನ್ ಕೆಳಗಿಟ್ಟರು.

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಖಾಲಿ ಜಾಗವನ್ನು ತೆಗೆದುಹಾಕಲು ಒಂದು ಸಾಲು ಕೋಡ್ ಸಾಕಿತ್ತು. ಅಷ್ಟನ್ನು ಬರೆಯಲು ನಾನು ಸೋಮಾರಿಯಾದದ್ದಕ್ಕೆ ಅವರು ತಮ್ಮನ್ನು ಹಳಿದುಕೊಂಡಿದ್ದರು. ಅಂದೇ ಆ ಸಾಲನ್ನು ಸೇರಿಸಿದೆ. ತಪ್ಪಿನ ಸೂಚನೆಯನ್ನು ಆಯಾ ಪೆಟ್ಟಿಗೆಯ ಕೆಳಗೇ ಇಳಿಸಿ, ‘ಅಮಾನ್ಯ’ ಎಂಬ ಗದರಿಕೆಯ ಬದಲು ‘ಒಂದು ಅಂಕಿ ಕಡಿಮೆಯಿದೆ’ ಎಂದು ಬರೆದೆ. ಸಂಖ್ಯೆ ಕೇಳುವಲ್ಲಿ ಅಂಕಿಗಳ ಕೀಬೋರ್ಡ್ ಮಾತ್ರ ತೆರೆಯುವಂತೆ ಮಾಡಿದೆ. ಪೆಟ್ಟಿಗೆಯೊಳಗಿನ ಅಕ್ಷರ 14 ಪಿಕ್ಸೆಲ್ ಇತ್ತು; 16ಕ್ಕಿಂತ ಚಿಕ್ಕದಾದರೆ ಪೆಟ್ಟಿಗೆಯನ್ನು ಮುಟ್ಟಿದ ಕೂಡಲೇ ಐಫೋನ್‌ನ ಸಫಾರಿ ಬ್ರೌಸರ್ ಪುಟವನ್ನು ಹಿಗ್ಗಿಸಿಬಿಡುತ್ತದೆ, ಅಂಚು ಪರದೆಯಾಚೆ ಹೋಗುತ್ತದೆ. ಅದನ್ನೂ ಸರಿಪಡಿಸಿದೆ.

ಇನ್ನೊಂದು ಎಡವಟ್ಟು ನನ್ನ ಅಲಂಕಾರಪ್ರಿಯತೆಯದು. ‘ಸಲ್ಲಿಸಿ’ ಬಟನ್ ಒತ್ತಿದಾಗ ಅದು ನಿಧಾನವಾಗಿ ಬಣ್ಣ ಬದಲಿಸುವಂತೆ ಮಾಡಿ ಬೀಗಿದ್ದೆ. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡುವ ತಜ್ಞ ಜಾಕೋಬ್ ನೀಲ್ಸನ್ 1993ರಲ್ಲೇ ಬರೆದಿದ್ದರು: ಸುಮಾರು 0.1 ಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದರೆ ಮಾತ್ರ ಅದು ಆ ಕ್ಷಣವೇ ಆದಂತೆ ಅನ್ನಿಸುತ್ತದೆ. ನನ್ನ ಬಣ್ಣ ತಿರುಗಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕಿತ್ತು. ಒತ್ತಿದ್ದು ತಾಗಲಿಲ್ಲವೆಂದು ಜನ ಮತ್ತೆ ಒತ್ತುತ್ತಿದ್ದರು, ಒಬ್ಬರ ಹೆಸರು ಎರಡೆರಡು ಬಾರಿ ದಾಖಲಾಗುತ್ತಿತ್ತು. ಈಗ ಬೆರಳು ತಾಗಿದೊಡನೆ ಬಟನ್ ಮಂಕಾಗಿ, ‘ಸಲ್ಲಿಸಲಾಗುತ್ತಿದೆ’ ಎಂದು ತೋರಿಸಿ, ಉತ್ತರ ಬರುವವರೆಗೆ ಇನ್ನೊಂದು ಒತ್ತನ್ನು ಸ್ವೀಕರಿಸುವುದಿಲ್ಲ. ಆ ಸೊಗಸಾದ ಬಣ್ಣದಾಟ ಹೋದದ್ದನ್ನು ನನ್ನ ಹೊರತು ಯಾರೂ ಗಮನಿಸಲಿಲ್ಲ.

ಎಲ್ಲಕ್ಕಿಂತ ಕಾಡಿದ್ದು ಎರಡು ಪದಗಳು. ‘ಉಳಿಸಿ’, ‘ಅಳಿಸಿ’. ಒಂದೇ ಅಕ್ಷರದ ವ್ಯತ್ಯಾಸ, ಫಲ ಮಾತ್ರ ತದ್ವಿರುದ್ಧ. ಅವೆರಡನ್ನೂ ಒಂದೇ ಬೂದುಬಣ್ಣದಲ್ಲಿ, ಒಂದೇ ಗಾತ್ರದಲ್ಲಿ, 8 ಪಿಕ್ಸೆಲ್ ಅಂತರದಲ್ಲಿ ಕೂರಿಸಿದ್ದ ಪುಣ್ಯಾತ್ಮ ನಾನೇ. ಗುರಿ ದೊಡ್ಡದಾಗಿ ಹತ್ತಿರವಿದ್ದಷ್ಟೂ ಬೇಗ ಮುಟ್ಟಬಹುದು ಎಂಬುದು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ತೋರಿಸಿಕೊಟ್ಟ ನಿಯಮ. ಅಪಾಯದ ಬಟನ್‌ಗೆ ಇದನ್ನು ತಿರುಗಿಸಿ ಹಾಕಬೇಕು. ‘ಉಳಿಸಿ’ಯನ್ನು ಅಗಲವಾಗಿ ಹೆಬ್ಬೆರಳಿನ ಬಳಿ ಇಟ್ಟು, ‘ಅಳಿಸಿ’ಯನ್ನು ಮೇಲಿನ ಮೂಲೆಯ ಮೆನುವಿಗೆ ಅಟ್ಟಿದೆ.

‘ಖಂಡಿತ ಅಳಿಸಬೇಕೇ?’ ಎಂದು ಕೇಳುವ ಪೆಟ್ಟಿಗೆ ಮೊದಲೇ ಇತ್ತು, ಉಪಯೋಗವಾಗಿರಲಿಲ್ಲ. ದಿನಕ್ಕೆ ಹತ್ತು ಬಾರಿ ‘ಹೌದು’ ಒತ್ತುವ ಕೈ ಹನ್ನೊಂದನೆಯ ಬಾರಿ ಓದುವುದಿಲ್ಲ. ಅದನ್ನು ತೆಗೆದು, ಅಳಿಸಿದ ಮೇಲೆ ಸ್ವಲ್ಪ ಹೊತ್ತು ‘ಮರಳಿ ತನ್ನಿ’ ಎಂಬ ಪಟ್ಟಿ ಉಳಿಯುವಂತೆ ಮಾಡಿದೆ. ಮೊದಲು 5 ಸೆಕೆಂಡು ಕೊಟ್ಟಿದ್ದೆ. ತಪ್ಪಾಯಿತೆಂದು ಗಾಬರಿಯಾಗಿ, ಪಟ್ಟಿಯನ್ನು ಕಂಡು, ಓದಿ, ಒತ್ತುವಷ್ಟರಲ್ಲಿ ಅದು ಮಾಯವಾಗುತ್ತಿತ್ತು. ಈಗ 10 ಸೆಕೆಂಡು.

‘ಅಳಿಸಿ’ ಎಂಬ ಪದವನ್ನೂ ‘ತೆಗೆದುಹಾಕಿ’ ಎಂದು ಬದಲಿಸಿದ್ದೇನೆ. ಕಣ್ತಪ್ಪಿಯೂ ‘ಉಳಿಸಿ’ಯಂತೆ ಕಾಣುವುದಿಲ್ಲ. ಆದರೆ ಸಣ್ಣ ಪರದೆಯ ಫೋನ್‌ಗಳಲ್ಲಿ ಅದು ಸಾಲು ಮುರಿದು, ‘ಹಾಕಿ’ ಮಾತ್ರ ಕೆಳಗೆ ಬೀಳುತ್ತಿದೆ ಎಂದು ನಿನ್ನೆ ಯಾರೋ ಚಿತ್ರ ಕಳುಹಿಸಿದ್ದಾರೆ.