ತಿಂದದ್ದು ಮೈಗೆ ಹತ್ತದ ಶೇರು

ನಮ್ಮ ಶೇರುಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವನ ಪಕ್ಕೆಲುಬು ಎಣಿಸಲು ಬರುತ್ತಿದ್ದವು. ಜರ್ಮನ್ ಶೆಫರ್ಡ್ ನಾಯಿ, 31 ಕೆಜಿ ತೂಗುತ್ತಿದ್ದವನು ನಾಲ್ಕೂವರೆ ತಿಂಗಳಲ್ಲಿ 21ಕ್ಕೆ ಇಳಿದಿದ್ದ. ಊಟ ಬಿಟ್ಟಿದ್ದನೇ ಅಂದರೆ ಅದೂ ಇಲ್ಲ. ಮುಂಜಾನೆ ಹಾಲಿನಾಗ ಮುರಿದು ಹಾಕಿದ ಮೂರು ಜೋಳದ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ರೊಟ್ಟಿ. ಅಷ್ಟಾದ ಮೇಲೂ ಹಿತ್ತಲಿನ ಮುಸುರಿ ಬಾನಿಗೆ ಬಾಯಿ ಹಾಕುತ್ತಿದ್ದ. ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ, ಮಷಿನ್ ಕೆಳಗೆ ಬಿದ್ದ ಅರಿವೆ ಚೂರನ್ನೂ ಅಗಿದು ನುಂಗುತ್ತಿದ್ದ. ಕಡೆಕಡೆಗೆ ತನ್ನ ಮಲವನ್ನೇ ತಿನ್ನತೊಡಗಿದ. ಅದನ್ನು ಯಾರ ಮುಂದೆ ಹೇಳುವುದೆಂದು ಬಹಳ ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೊದಲ ವಾರವೇ ಡಾಕ್ಟರಿಗೆ ಹೇಳಬೇಕಾದ ಮಾತು ಅದು.

ಮೊದಲ ನಾಲ್ಕು ತಿಂಗಳು ಹಾಳಾದವು. ಜಂತಿನ ಗುಳಿಗೆ ಮೂರು ಸಲ ಆಯಿತು. ಭೇದಿ ನಿಲ್ಲುವ ಔಷಧ ಕೊಟ್ಟರೆ ನಾಲ್ಕು ದಿನ ನಿಂತು ಐದನೇ ದಿನ ಶುರುವಾಗುತ್ತಿತ್ತು. ನಾವು ತೋರಿಸುತ್ತಿದ್ದ ಡಾಕ್ಟರು ಮೈ ಮುಟ್ಟಿ ನೋಡದೆ, ‘ಬ್ಯಾಸಗಿ ಬಿಸಲಿಗೆ ಹಂಗ ಆಗತೈತಿ, ಮಜ್ಜಿಗಿ ಕುಡಸ್ರಿ’ ಎಂದು ಕಳಿಸಿದರು. ಓಣಿಯವರು ಅಜವಾನದ ನೀರು ಹೇಳಿದರು, ದೃಷ್ಟಿ ತೆಗೆಯಿರಿ ಎಂದರು, ಎರಡನ್ನೂ ಮಾಡಿದೆವು. ‘ಮುಧೋಳ ನಾಯಿ ಸಾಕಬೇಕಿತ್ತು, ರೊಟ್ಟಿ ಹಾಲು ತಿಂದು ಗಟ್ಟಿ ಇರತಾವ’ ಎಂದವರೂ ಇದ್ದರು. ಬಾಗಲಕೋಟೆ ಜಿಲ್ಲೆಯಲ್ಲಿದ್ದು ಆ ಮಾತು ಕೇಳದೆ ನಾಯಿ ಸಾಕಲು ಆಗುವುದಿಲ್ಲ. ಆದರೆ ಕಣ್ಣೆದುರು ಸೊರಗುತ್ತಿರುವ ನಾಯಿಯ ಮನೆಯವರಿಗೆ ಅದನ್ನು ಹೇಳಬಾರದು.

ನನ್ನ ಕೈ ಹಿಡಿದದ್ದು ಒಂದು ನೋಟಬುಕ್. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಶೇರುವಿನ ದಿನಚರಿ ಬರೆಯತೊಡಗಿದೆ: ಏನು ತಿಂದ, ಎಷ್ಟು ಹೊತ್ತಿಗೆ ಹೊರಕಡೆ ಹೋದ, ಹೇಗಿತ್ತು. ದಿನಕ್ಕೆ ಆರೇಳು ಸಲ. ಬಣ್ಣ ಮಾಸಿದ ಹಳದಿ, ಕಲಸಿಟ್ಟ ಹಿಟ್ಟಿನ ಮುದ್ದೆಯ ಹಾಗೆ, ಮೇಲೆ ಎಣ್ಣೆ ಹಚ್ಚಿದಂತೆ ಹೊಳಪು. ತಿಂದದ್ದಕ್ಕಿಂತ ಹೊರಗೆ ಹಾಕಿದ್ದೇ ಹೆಚ್ಚು ಅನಿಸುವಷ್ಟು. ಹೊಟ್ಟೆ ಗುಡುಗುಡು ಅನ್ನುವುದು ಮಷಿನ್ ತುಳಿಯುವಾಗಲೂ ನನಗೆ ಕೇಳಿಸುತ್ತಿತ್ತು. ರಕ್ತ ಇರಲಿಲ್ಲ, ವಾಂತಿ ಇರಲಿಲ್ಲ, ಜ್ವರ ಇರಲಿಲ್ಲ. ಇಲ್ಲದ್ದನ್ನೂ ಬರೆದಿಟ್ಟಿದ್ದು ಒಳ್ಳೆಯದಾಯಿತು.

ಎರಡನೆಯ ಡಾಕ್ಟರು ನಾಯಿಗಿಂತ ಮೊದಲು ಆ ಹಾಳೆಗಳನ್ನು ಓದಿದರು. ‘ನೋಡ್ರಿ ಅಕ್ಕಾರ, ಹೊಟ್ಟಿ ತುಂಬ ತಿಂತೈತಿ, ಆದ್ರ ತಿಂದದ್ದು ಮೈಗೆ ಹತ್ತವಲ್ದು. ಪ್ಯಾಂಕ್ರಿಯಾಸ್ ಟೆಸ್ಟ್ ಮಾಡಸೋಣು’ ಎಂದರು. ಹನ್ನೆರಡು ತಾಸು ಉಪವಾಸ ಇಟ್ಟು ರಕ್ತ ತೆಗೆದು ಹೊರಊರಿನ ಲ್ಯಾಬಿಗೆ ಕಳಿಸಬೇಕಾಯಿತು. ಟಿಎಲ್‌ಐ ಅಂತಾರೆ ಆ ಪರೀಕ್ಷೆಗೆ, ನಾಯಿಗೆಂದೇ ಇರುವುದನ್ನೇ ಮಾಡಿಸಬೇಕು. ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿ. ಅದು ಸರಿಯಿದ್ದರೆ ಅದು ತಯಾರಿಸುವ ಜೀರ್ಣರಸದ ಒಂದಿಷ್ಟು ಅಂಶ ರಕ್ತದಲ್ಲೂ ಕಾಣಿಸುತ್ತದೆ, ಗ್ರಂಥಿಯೇ ಒಣಗಿದ್ದರೆ ತೀರಾ ಕಡಿಮೆ ಕಾಣಿಸುತ್ತದೆ. ಲೀಟರಿಗೆ 2.5 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ರೋಗ ಖಾತ್ರಿ. ಶೇರುವಿನದು 1.4 ಬಂತು. ಗ್ರಂಥಿ ಜೀರ್ಣರಸ ಮಾಡದ ಈ ರೋಗಕ್ಕೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಇಪಿಐ ಅನ್ನುತ್ತಾರೆ. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ವಂಶದಿಂದ ಬರುತ್ತದಂತೆ, ಗ್ರಂಥಿಯ ಶೇಕಡಾ 90ರಷ್ಟು ಕೆಲಸ ನಿಂತ ಮೇಲೆಯೇ ಹೊರಗೆ ತೋರುತ್ತದಂತೆ. ಹಿಂದಿನ ಓಣಿಯವರ ಹೆಣ್ಣು ನಾಯಿಗೆ ಶೇರುವನ್ನು ಬಿಡುವುದಾಗಿ ಮಾತಾಗಿತ್ತು. ಅಂದೇ ಸಂಜೆ ಹೋಗಿ ಬೇಡವೆಂದು ಹೇಳಿ ಬಂದೆ.

ವಾಸಿಯಾಗುವ ರೋಗ ಇದಲ್ಲ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಅವನ ದೇಹ ಮಾಡದ ರಸವನ್ನು ನಾವು ಊಟಕ್ಕೆ ಬೆರೆಸಿ ಕೊಡಬೇಕು, ಬದುಕಿರುವ ತನಕ, ಪ್ರತಿ ಊಟಕ್ಕೂ. ಪ್ಯಾಂಕ್ರಿಯಾಟಿನ್ ಅನ್ನುವ ಪುಡಿ ಅದು, ಹಂದಿಯ ಗ್ರಂಥಿಯಿಂದ ತೆಗೆಯುತ್ತಾರೆ. ನಮ್ಮ ಡಬ್ಬಿಯ ಪುಡಿಗೆ 10 ಕೆಜಿ ತೂಕಕ್ಕೆ ಒಂದು ಟೀ ಚಮಚದ ಲೆಕ್ಕ.

ಮೊದಲ ದಿನದ ಬಟ್ಟಲು ಇನ್ನೂ ಕಣ್ಣಿಗೆ ಕಟ್ಟಿದೆ. ಅಕ್ಕಿಯನ್ನು ಮೆತ್ತಗೆ ಕುದಿಸಿ ಗಟ್ಟಿ ಗಂಜಿ ಮಾಡಿದ್ದೆ, ಚಮಚ ನಿಲ್ಲುವಷ್ಟು ಗಟ್ಟಿ. ಬೆರಳಿಗೆ ಉಗುರುಬೆಚ್ಚಗೆ ತಾಗುವ ತನಕ ಆರಿಸಿ, ಎರಡು ಚಮಚ ಪುಡಿ ಹಾಕಿ ಕಲಸಿ, ಕಟ್ಟೆಯ ಮೇಲಿಟ್ಟೆ. ಕಾಲು ತಾಸು ಬಿಟ್ಟು ಬಂದು ನೋಡಿದರೆ ಗಂಜಿ ನೀರಾಗಿತ್ತು. ಅಗುಳು ಕರಗಿ ಅಂಬಲಿಯಂತೆ ಬಟ್ಟಲಿನಲ್ಲಿ ಅಲುಗಾಡುತ್ತಿತ್ತು. ಹೊಟ್ಟೆಯೊಳಗೆ ಆಗಬೇಕಾದ ಕೆಲಸ ನನ್ನ ಕಣ್ಣಮುಂದೆ ಆಗಿತ್ತು. ಅಲ್ಲೇ ಕೂತು ಅತ್ತೆ. ಇಷ್ಟು ದಿನ ಅವನು ಹಸಿದೇ ಇದ್ದ, ನಾವು ತಿನ್ನಿಸುತ್ತಲೇ ಇದ್ದೆವು. ಹೀಗೆ ಕಾಯಲೇಬೇಕೆಂದಿಲ್ಲ, ಕಲಸಿ ಕೂಡಲೇ ಕೊಟ್ಟರೂ ನಡೆಯುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಬಿಸಿ ಅನ್ನಕ್ಕೆ ಮಾತ್ರ ಹಾಕಬಾರದು, ಬಿಸಿಗೆ ಪುಡಿಯ ಗುಣ ಸತ್ತುಹೋಗುತ್ತದೆ. ಚಮಚ ಝಾಡಿಸುವಾಗ ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು, ಕೈ ತೊಳೆಯಬೇಕು.

ನಾಲ್ಕನೇ ದಿನ ಮಲ ಕಂದುಬಣ್ಣಕ್ಕೆ ತಿರುಗಿತು. ಏಳನೇ ದಿನ ದಿನಕ್ಕೆ ಮೂರೇ ಸಲ ಹೊರಗೆ ಹೋದ.

ಪುಡಿಗಿಂತ ಕಷ್ಟವಾದದ್ದು ರೊಟ್ಟಿ ಬಿಡಿಸುವುದು. ನಾರು ಹೆಚ್ಚಿರುವ ಊಟದಲ್ಲಿ ಈ ಪುಡಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಕಾಳು, ಸೊಪ್ಪು ಎಲ್ಲ ಬಂದ್. ನಮ್ಮ ಅತ್ತೆಯವರಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ದಿನಾ ರೊಟ್ಟಿ ಬಡಿಯುವಾಗ ಕೊನೆಯ ಎರಡು ಶೇರುವಿನ ಪಾಲೆಂದು ಬೇರೆ ಇಡುತ್ತಿದ್ದವರು ಅವರು. ‘ಮಂದಿ ಬಾಗಲಿಗೆ ಬಂದ ನಾಯಿಗೂ ರೊಟ್ಟಿ ಹಾಕತೀವಿ, ಮನಿ ನಾಯಿಗೆ ಇಲ್ಲ ಅಂದ್ರ ಹ್ಯಾಂಗವ್ವಾ’ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮೇಲಾಗಿ ಡಾಕ್ಟರು ಬೇಯಿಸಿದ ಕೋಳಿ, ಮೊಟ್ಟೆ ಹೇಳಿದ್ದರು. ನಮ್ಮದು ಲಿಂಗಾಯತರ ಮನೆ, ಒಳಗೆ ಮೊಟ್ಟೆಯೂ ಬಂದದ್ದಿಲ್ಲ. ಎರಡು ದಿನ ಅತ್ತೆ ಮಾತಾಡಲಿಲ್ಲ. ಮೂರನೇ ದಿನ ತಾವೇ ಹಿತ್ತಲಿನ ಬಚ್ಚಲ ಪಕ್ಕ ಮೂರು ಕಲ್ಲಿಟ್ಟು ಒಲೆ ಹೂಡಿ, ‘ಇಲ್ಲೆ ಕುದಸ್ಕೋ, ಆ ಭಾಂಡೆ ಒಳಗ ತರಬ್ಯಾಡ’ ಎಂದರು. ಈಗ ಅಲ್ಲಿ ಸಣ್ಣ ಗ್ಯಾಸ್ ಒಲೆ ಇದೆ. ಯಜಮಾನರು ಕೋಳಿ ತರುತ್ತಾರೆ, ತೊಗಲು ತೆಗೆಸಿ. ಕುದಿಸುವುದು ನಾನು. ಬೆಂದಿದೆಯೋ ಇಲ್ಲವೋ ದೂರದಿಂದ ನೋಡಿ ಹೇಳುವವರು ಅತ್ತೆ.

ಎಲ್ಲವೂ ನೇರ ನಡೆಯಲಿಲ್ಲ. ಮೂರನೇ ವಾರ ಬಟ್ಟಲಿನ ಅಂಚಿಗೆ ರಕ್ತದ ಗೆರೆ ಕಂಡಿತು. ಬಾಯಿ ತೆರೆದು ನೋಡಿದರೆ ನಾಲಿಗೆಯ ಕೆಳಗೆ ಹುಣ್ಣು. ಗಡಿಬಿಡಿಯಲ್ಲಿ ಪುಡಿಯನ್ನು ಮೇಲೆ ಉದುರಿಸಿ, ಸರಿಯಾಗಿ ಕಲಸದೆ ಕೊಟ್ಟ ತಪ್ಪು ನನ್ನದು. ಒಣಪುಡಿ ಬಾಯಿಯ ತೊಗಲನ್ನೇ ಸುಡುತ್ತದೆ. ಡಾಕ್ಟರು ಪುಡಿಯ ಪ್ರಮಾಣವನ್ನು ಸ್ವಲ್ಪ ಇಳಿಸಿದರು, ಊಟ ನೆನೆಯುವ ಹಾಗೆ ನೀರು ಹಾಕಿ ಕಲಸಲು ಹೇಳಿದರು, ಉಂಡ ಮೇಲೆ ನೀರು ಕುಡಿಸಲು ಹೇಳಿದರು. ಹತ್ತು ದಿನಕ್ಕೆ ಹುಣ್ಣು ಮಾಯ್ದಿತು.

ಇನ್ನೊಂದು ಸಲ ತರಿಸಿದ ಡಬ್ಬಿ ಬರುವುದು ತಡವಾಯಿತು. ಮನುಷ್ಯರ ಮೆಡಿಕಲ್ ಅಂಗಡಿಯ ಕ್ಯಾಪ್ಸೂಲ್ ತಂದೆವು, ಒಡೆದರೆ ಒಳಗೆ ಸಾಸಿವೆಯಷ್ಟು ಮಣಿಗಳು. ಮೇಲೆ ಲೇಪ ಇರುವ ಆ ಮಣಿಗಳು ನಾಯಿಗೆ ಪುಡಿಯಷ್ಟು ಉಪಯೋಗಕ್ಕೆ ಬರುವುದಿಲ್ಲ. ಎರಡೇ ದಿನಕ್ಕೆ ಮತ್ತೆ ಹಳದಿ ಮುದ್ದೆ. ಕುರಿಯ ಹಸಿ ಗ್ರಂಥಿಯನ್ನೇ ಕತ್ತರಿಸಿ ಕೊಡಬಹುದೆಂದು ಕೇಳಿ ಯಜಮಾನರು ಮಟನ್ ಅಂಗಡಿಗೆ ಫೋನಿನಲ್ಲಿ ಚಿತ್ರ ತೋರಿಸಲು ಹೋದರು. ‘ಕರುಳಿನ ಬಾಜೂಕ ಇರೋ ಬೆಳ್ಳನ್ನ ಗಂಟ ಏನ್ರಿ? ಅದನ್ನ ನಾವು ಒಗದ ಬಿಡತೀವಿ’ ಎಂದು ಅವರು ಚೀಲದಲ್ಲಿ ಹಾಕಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಬೇಯಿಸಿದರೆ ಪ್ರಯೋಜನವಿಲ್ಲ, ಹಸಿಯಾಗಿ ಕೊಟ್ಟರೆ ಬೇರೆ ಸೋಂಕಿನ ಭಯ. ಡಾಕ್ಟರನ್ನು ಕೇಳಿ ನಾಲ್ಕೇ ದಿನ ಕೊಟ್ಟು ನಿಲ್ಲಿಸಿದೆವು. ಅಂದಿನಿಂದ ಒಂದು ಡಬ್ಬಿ ಅರ್ಧ ಆಗುತ್ತಿದ್ದಂತೆ ಇನ್ನೊಂದು ತರಿಸಿಬಿಡುತ್ತೇನೆ.

ಪುಡಿ ಹಾಕಿದರೂ ತೂಕ ಎರಡು ಕೆಜಿ ಏರಿ ನಿಂತುಬಿಟ್ಟಿತ್ತು. ಮತ್ತೆ ರಕ್ತ ತಪಾಸಿದರೆ ಬಿ12 ವಿಟಮಿನ್ ತೀರಾ ಕಡಿಮೆ. ಇಪಿಐ ಇರುವ ಬಹಳ ನಾಯಿಗಳಲ್ಲಿ ಹೀಗಿರುತ್ತದೆ, ಬಿ12 ಹೀರಲು ಬೇಕಾದ ಅಂಶವೂ ಅದೇ ಗ್ರಂಥಿಯಿಂದ ಬರುವುದು. ವಾರಕ್ಕೊಂದರಂತೆ ಆರು ಇಂಜೆಕ್ಷನ್ ಆದವು. ಮೂರನೆಯದರ ಮೇಲೆ ಶೇರು ಗೇಟಿನ ಹತ್ತಿರ ನಿಂತು ಹಾಲಿನವರಿಗೆ ಬೊಗಳಿದ. ಎಷ್ಟೋ ತಿಂಗಳ ಮೇಲೆ ಕೇಳಿದ ದನಿ. ಅತ್ತೆ ಒಳಗಿನಿಂದ ಓಡಿ ಬಂದರು.

ಹೋಳಿಯಲ್ಲಿ ಒಮ್ಮೆ ಎಡವಿದೆವು. ಬಾಗಲಕೋಟೆಯ ಹೋಳಿ ಅಂದರೆ ಹಲಗೆಯ ಸಪ್ಪಳ ದಿನಗಟ್ಟಲೆ, ಮನೆ ತುಂಬ ಬೀಗರು. ಯಾವುದೋ ಹುಡುಗ ಪ್ರೀತಿಯಿಂದ ಮಿರ್ಚಿ ಭಜಿ, ಹೋಳಿಗೆ ತಿನ್ನಿಸಿದ. ಒಂದು ವಾರ ಭೇದಿ, ಆಂಟಿಬಯೋಟಿಕ್, ಒಂದೂವರೆ ಕೆಜಿ ಹೋಯಿತು. ಈಗ ಹಬ್ಬದ ದಿನ ಅವನ ಕೊರಳಪಟ್ಟಿಗೆ ಅರಿವೆಯ ಚೀಟಿ ಹೊಲಿದು ಕಟ್ಟುತ್ತೇನೆ: ‘ನನಗ ಏನೂ ತಿನ್ನಸಬ್ಯಾಡ್ರಿ, ಆರಾಮಿಲ್ಲ.’ ಕೆಂಪು ದಾರದಲ್ಲಿ ದಪ್ಪ ಅಕ್ಷರ.

ತಿಂಗಳ ಮೊದಲ ಭಾನುವಾರ ಎಪಿಎಂಸಿಯ ಅಡತಿ ಅಂಗಡಿಗೆ ಕರೆದುಕೊಂಡು ಹೋಗುತ್ತೇವೆ, ಜೋಳದ ಚೀಲ ತೂಗುವ ಕಾಟಾದ ಮೇಲೆ ಅವನನ್ನು ನಿಲ್ಲಿಸಲು. ಮೊದಲು ಹಮಾಲರು ದೂರ ಸರಿಯುತ್ತಿದ್ದರು, ಈಗ ಅವರೇ ಕೂಗಿ ತೂಕ ಓದುತ್ತಾರೆ. ಈ ತಿಂಗಳು 28 ಕೆಜಿ 600 ಗ್ರಾಂ. ಅಳತೆಯ ಪುಸ್ತಕದ ಹಿಂದಿನ ಹಾಳೆ ಮುಗಿದಿದೆ, ಶೇರುಗೆಂದೇ ಬೇರೆ ನೋಟಬುಕ್ ಕೊಂಡಿದ್ದೇನೆ.