ಹಳೇ 100 ಸಿಸಿ ಗಾಡಿ: ಸೈಲೆನ್ಸರ್ ಬದಲಿಸಿದ ಮೇಲೆ ಪಟಪಟ ಸಿಡಿತ

ಗುಜರಿ ಸೈಲೆನ್ಸರ್ ಹಾಕಿದ ಮೇಲೆ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟರೆ ಸಾಕು, ಹಿಂದೆ ಪಟಪಟ. ಹೊಸ ಪ್ಲಗ್, ಕಾರ್ಬೊರೇಟರ್ ತೊಳೆತ, ಏರ್ ಸ್ಕ್ರೂ ಯಾವುದೂ ಕೆಲಸಕ್ಕೆ ಬರಲಿಲ್ಲ. ಜಾಯಿಂಟಿಗೆ ಮೆತ್ತಿದ ಸಿಲಿಕಾನಂತೂ ಸುಟ್ಟು ಉದುರಿತು.

ಗಾಳಿ ಎಳೆಯುತ್ತಿದ್ದದ್ದು ಸೈಲೆನ್ಸರ್ ಪೈಪ್ ಎಂಜಿನ್ನಿಗೆ ಸೇರುವ ಜಾಗದಲ್ಲಿ, ಅಂದರೆ ಸಿಲಿಂಡರ್ ಹೆಡ್ಡಿನ ಬಾಯಲ್ಲಿ. ಆ ಗಾಳಿ ಸೇರಿದಾಗ, ಸುಡದೆ ಉಳಿದ ಪೆಟ್ರೋಲ್ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ಅಲ್ಲಿಗೆ ಸೋಪಿನ ನೀರು ಹಚ್ಚಿ, ಸೋರುತ್ತಿದ್ದರೆ ಗುಳ್ಳೆ ಬರುತ್ತದೆ.

ಹಳೇ ಗ್ಯಾಸ್ಕೆಟ್ (ಆ ಜಾಯಿಂಟಿನ ಸಂದು ಮುಚ್ಚುವ ರಿಂಗ್) ಪೂರ್ತಿ ಕೆರೆದು ಹೊಸ ರಿಂಗ್ ಕೂರಿಸಿ. ಎಲ್ಲ ನಟ್ಟು ಬೋಲ್ಟನ್ನೂ ಮೊದಲು ಕೈಯಲ್ಲಷ್ಟೇ ತಿರುಗಿಸಿ. ಆಮೇಲೆ ಹೆಡ್ಡಿನ ಎರಡು ನಟ್ಟು, ಒಂದಾದ ಮೇಲೊಂದು, ಅರ್ಧರ್ಧ ಸುತ್ತು. ನಂತರ ಪೈಪ್ ಹಿಡಿಯುವ ಕ್ಲಾಂಪ್. ಫುಟ್‌ರೆಸ್ಟ್ ಪಕ್ಕದ ಬೋಲ್ಟ್ ಕಟ್ಟಕಡೆಗೆ. ಅದನ್ನೇ ಮೊದಲು ಬಿಗಿದರೆ ಪೈಪ್ ಓರೆಯಾಗಿ ರಿಂಗ್ ಒಂದೇ ಕಡೆ ಅಮುಕುತ್ತದೆ. ಹೆಡ್ಡಿನ ನಟ್ಟು ಕೂರುವ ಸ್ಟಡ್ ಇರುವುದು ಮೆತ್ತಗಿನ ಅಲ್ಯುಮಿನಿಯಂನಲ್ಲಿ, ಉದ್ದ ಸ್ಪ್ಯಾನರ್ ಬೇಡ. ಒಮ್ಮೆ ಓಡಿಸಿ, ಪೂರ್ತಿ ಆರಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.