ದೂರದ ಹಕ್ಕಿಗೆ ಕಡಿಮೆ ಖರ್ಚಿನ ಕ್ಯಾಮೆರಾ: ನಾನು ಆರಿಸಿಕೊಂಡ ಬಗೆ

ಹಕ್ಕಿಗಳ ಫೋಟೋ ತೆಗೆಯಲು ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಒಂದು ಬ್ರಿಡ್ಜ್ ಕ್ಯಾಮೆರಾ, ಅಂದರೆ ಲೆನ್ಸ್ ಬಿಚ್ಚಲಾಗದ, ಉದ್ದ ಜೂಮಿನ ಕ್ಯಾಮೆರಾ. ಜೂಮ್ ಕೆರೆಯ ಆಚೆ ದಡದವರೆಗೂ ಹೋಗುತ್ತಿತ್ತು. ಒಳ್ಳೆಯ ಬಿಸಿಲಿನಲ್ಲಿ ಸುಮ್ನೆ ನಿಂತ ಬೆಳ್ಳಕ್ಕಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಮರದ ನೆರಳಲ್ಲಿ ಕೂತ ಹಕ್ಕಿಯ ಗರಿಗಳೆಲ್ಲ ಕಲಸಿಹೋಗುತ್ತಿದ್ದವು. ಇಂಥ ಬಹುತೇಕ ಕ್ಯಾಮೆರಾಗಳ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಬೆಳಕು ಕಮ್ಮಿಯಾದರೆ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ ಏರಿಸಲೇಬೇಕು, ಏರಿಸಿದರೆ ಚಿತ್ರ ಕಾಳುಕಾಳಾಗುತ್ತದೆ. ಹಾರುವ ಹಕ್ಕಿಯಂತೂ ಫೋಕಸ್ ಆಗುವಷ್ಟರಲ್ಲಿ ಹೋಗಿಯೇ ಬಿಟ್ಟಿರುತ್ತಿತ್ತು.

ಮತ್ತೆ ದುಡ್ಡು ಕೂಡಿಸಿದಾಗ ಒಂದು ತೀರ್ಮಾನ ಮಾಡಿದೆ. ಹೆಚ್ಚಿನ ದುಡ್ಡು ಲೆನ್ಸಿಗೆ, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಳೆಯದಾದರೂ ಪರವಾಗಿಲ್ಲ. ಹೊಸ ಮಾಡೆಲ್ ಬಂದ ಕೂಡಲೇ ಬಾಡಿಯ ಬೆಲೆ ಇಳಿಯುತ್ತದೆ, ಒಳ್ಳೆಯ ಲೆನ್ಸ್ ಅಷ್ಟು ಬೇಗ ಹಳತಾಗುವುದಿಲ್ಲ. ಹಾಗಾಗಿ 2015ರ ಮಾಡೆಲ್ ನಿಕಾನ್ ಡಿ7200 ಬಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. 24 ಮೆಗಾಪಿಕ್ಸೆಲ್, ಕ್ರಾಪ್ ಸೆನ್ಸರ್, ಅಂದರೆ 35 ಎಂಎಂ ಫಿಲ್ಮಿನಷ್ಟು ದೊಡ್ಡದಾದ ಫುಲ್ ಫ್ರೇಮ್ ಸೆನ್ಸರಿಗಿಂತ ಚಿಕ್ಕದು. ಇದರಲ್ಲಿ 500 ಎಂಎಂ ಲೆನ್ಸ್, ಫುಲ್ ಫ್ರೇಮಿನ 750 ಎಂಎಂ ತೋರಿಸುವಷ್ಟೇ ಜಾಗ ತೋರಿಸುತ್ತದೆ. ಎಂಎಂ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ, ಹಕ್ಕಿಗೆ ಅದೇ ಅನುಕೂಲ.

ಲೆನ್ಸಿಗೆ ತುಂಬಾ ಯೋಚಿಸಿದೆ. ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ 150-600 ಎಂಎಂ ಜೂಮ್ ಲೆನ್ಸ್ ಒಂದು ಕಡೆ, ನಿಕಾನ್ 200-500 ಇನ್ನೊಂದು ಕಡೆ. ಮೊದಲಿನವು 600ಕ್ಕೆ ಹೋದಾಗ ಎಫ್ 6.3 ಆಗುತ್ತವೆ, 200-500 ಕೊನೆಯವರೆಗೂ ಎಫ್ 5.6ರಲ್ಲೇ ಇರುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಬೆಳಗಿನ ಬೆಳಕು ನನಗೆ ಮುಖ್ಯ, ಅದಕ್ಕೇ ಇದನ್ನು ಆರಿಸಿದೆ. ತೂಕ 2.3 ಕಿಲೋ. ದಿನವಿಡೀ ನಡೆಯುವವರು ಸಿಗ್ಮಾ 150-600ರ ಕಂಟೆಂಪರರಿ ಎಂಬ ಹಗುರ ಮಾದರಿ ನೋಡಬಹುದು, ಅದು 2 ಕಿಲೋಗಿಂತ ಸ್ವಲ್ಪ ಕಮ್ಮಿ.

ಹಳೆಯ ಲೆನ್ಸ್ ಕೊಳ್ಳುವಾಗ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬೇಡವೇ ಬೇಡ. ಬಾಡಿಯಾದರೆ ಶಟರ್ (ಬೆಳಕು ಒಳಬಿಡುವ ಪರದೆ) ಎಷ್ಟು ಸಲ ಬಡಿದಿದೆ ಕೇಳಿ. ಡಿ7200ರ ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಿರುತ್ತಾರೆ.

ಒಬ್ಬ ಗೆಳೆಯರ 1.4 ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಬಾಡಿಯ ನಡುವೆ ಹಾಕಿ ಎಂಎಂ ಅನ್ನು 1.4 ಪಟ್ಟು ಮಾಡುವ ಪುಟ್ಟ ಲೆನ್ಸ್) ಕೂಡ ಹಾಕಿ ನೋಡಿದೆ. ಉದ್ದ 700 ಎಂಎಂ ಆಯ್ತು, ಎಫ್ 5.6 ಹೋಗಿ 8 ಆಯ್ತು. ಎಫ್ 8ರಲ್ಲಿ ಈ ಬಾಡಿ ನಡುವಿನ ಒಂದೇ ಪಾಯಿಂಟಿನಲ್ಲಿ ಫೋಕಸ್ ಮಾಡುತ್ತದೆ. ವಾಪಸ್ ಕೊಟ್ಟೆ.

ಆಮೇಲೆ ಕೂತು ಒಂದು ಲೆಕ್ಕ ಹಾಕಿದೆ. ಈ ಲೆನ್ಸ್ 500ರಲ್ಲಿದ್ದಾಗ, 20 ಮೀಟರ್ ದೂರದಲ್ಲಿ ಸುಮಾರು 94 ಸೆಂಟಿಮೀಟರ್ ಅಗಲ ಫ್ರೇಮಿಗೆ ಸಿಗುತ್ತದೆ. ಚಿಕ್ಕ ಮಿಂಚುಳ್ಳಿ 16 ಸೆಂಟಿಮೀಟರ್, ಅಂದರೆ ಫ್ರೇಮಿನ ಆರನೇ ಒಂದು ಭಾಗ. 10 ಮೀಟರಿಗೆ ಬಂದರೆ ಮೂರನೇ ಒಂದು ಭಾಗ! ಅಷ್ಟನ್ನೇ 20 ಮೀಟರಿನಿಂದ ಪಡೆಯಲು 1000 ಎಂಎಂ ಬೇಕು. ಹತ್ತಿರವಾದಷ್ಟೂ ನಡುವಿನ ಬಿಸಿಗಾಳಿಯೂ ಕಮ್ಮಿ. ಮಧ್ಯಾಹ್ನದ ಚಿತ್ರಗಳು ಮಸುಕಾದಾಗ ನಾನು ಲೆನ್ಸನ್ನೇ ಅನುಮಾನಿಸಿದ್ದೆ. ನೆಲದಿಂದ ಏಳುವ ಬಿಸಿಗಾಳಿಯ ಅಲೆ ಅದು, ಯಾವ ಲೆನ್ಸ್ ಹಾಕಿದರೂ ಹೋಗುವುದಿಲ್ಲ.

ಈಗ ಬೆಳಕು ಹರಿಯುವ ಮೊದಲೇ ಹೋಗಿ ಪೊದೆಯ ಪಕ್ಕ ನೆಲಕ್ಕೆ ಕೂತುಬಿಡುತ್ತೇನೆ. ಲೆನ್ಸಿನ ಕೆಳಗೆ ಒಂದು ಮೊನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್), ಶಟರ್ 1/1600 ಸೆಕೆಂಡ್. ಒಮ್ಮೆ ಮುಕ್ಕಾಲು ಗಂಟೆ ಅಲ್ಲಾಡದೆ ಕೂತ ಮೇಲೆ ಮಿಂಚುಳ್ಳಿ ತಾನಾಗಿ ಎದುರಿನ ಕೊಂಬೆಗೆ ಬಂತು. ಆ ಚಿತ್ರದಲ್ಲಿ ಕೊಕ್ಕಿನ ತುದಿಯ ನೀರಿನ ಹನಿಯೂ ಕಾಣುತ್ತದೆ.